ಗೋಡೆಗೆ ಸರ್ವಿಸ್ ಜಾಸ್ತಿ

ನಮ್ಮ ಕಚೇರಿಯ ಗೋಡೆ ಎಷ್ಟು ದಪ್ಪ ಎಂಬುದು ನಮಗೆ ಗೊತ್ತಾದದ್ದು ಡ್ರಿಲ್ಲಿಂಗ್ ಮೆಷಿನ್ ಹಿಡಿದು ಬಂದ ಹುಡುಗ ಮೂರನೆಯ ಬಿಟ್ ಮುರಿದುಕೊಂಡ ದಿನ. ಅಲ್ಲಿಯವರೆಗೆ ನಾವ್ಯಾರೂ ಅದನ್ನು ಗೋಡೆಯೆಂದು ನೋಡಿದ್ದೇ ಇಲ್ಲ. ಅದು ಕ್ಯಾಲೆಂಡರ್ ತೂಗುಹಾಕುವ ಜಾಗ, ಬೆನ್ನು ನೋವು ಬಂದಾಗ ಒರಗುವ ಜಾಗ, ಸಾಹೇಬರು ಬೈಯುವಾಗ ದಿಟ್ಟಿಸುತ್ತ ನಿಲ್ಲುವ ಜಾಗ. ಹುಡುಗ ಬಾಗಿಲ ಚೌಕಟ್ಟಿನ ಹತ್ತಿರ ಟೇಪು ಹಿಡಿದು ಅಳೆದ. "ಎರಡೂ ಕಾಲು ಅಡಿ ಇದೆ ಸಾರ್. ಇದು ಆಫೀಸಾ ಕೋಟೆನಾ?" ಎಂದ. ನಾನು ಉತ್ತರ ಕೊಡಲಿಲ್ಲ. ಮೂವತ್ತು ವರ್ಷ ಅಲ್ಲೇ ಕೂತಿದ್ದರೂ ನನಗೇ ಆ ವಿಷಯದಲ್ಲಿ ಸ್ಪಷ್ಟತೆ ಇರಲಿಲ್ಲ.

ಮಲೆನಾಡಿನ ಅಂಚಿನ ಒಂದು ಊರಿನಲ್ಲಿ, ಬ್ರಿಟಿಷರ ಕಾಲಕ್ಕೆ ಕಟ್ಟಿದ ಕಟ್ಟಡ ಅದು. ನಡುವೆ ಮದ್ರಾಸ್ ತಾರಸಿಯ ದೊಡ್ಡ ಹಾಲು, ಎರಡು ಪಕ್ಕಕ್ಕೆ ಮಂಗಳೂರು ಹೆಂಚಿನ ಉದ್ದನೆಯ ವರಾಂಡ. ಒಂದು ವರ್ಷ ಮಾರ್ಚಿ ತಿಂಗಳಲ್ಲಿ, ಅಂದರೆ ಅನುದಾನ ವಾಪಸು ಹೋಗುವ ಭಯ ಹುಟ್ಟುವ ಪುಣ್ಯಕಾಲದಲ್ಲಿ, ನಮ್ಮ ಕಚೇರಿಯನ್ನು ಆಧುನೀಕರಣ ಮಾಡಬೇಕೆಂದು ಆದೇಶ ಬಂತು. ಹಿಂದೆಯೇ ಬೆಂಗಳೂರಿನಿಂದ ಇಂಟೀರಿಯರ್ ಡಿಸೈನ್ ಮಾಡುವ ಒಬ್ಬ ಹುಡುಗಿ ಬಂದಳು. ಕೈಯಲ್ಲಿ ಸೋಪಿನ ಪೆಟ್ಟಿಗೆಯಷ್ಟು ದೊಡ್ಡ ಯಂತ್ರ. ಗುಂಡಿ ಒತ್ತಿದರೆ ಎದುರು ಗೋಡೆಯ ಮೇಲೆ ಕೆಂಪು ಚುಕ್ಕೆ ಬೀಳುತ್ತದೆ, ಇಷ್ಟು ಮೀಟರು ದೂರ ಎಂದು ಅಂಕಿ ಕಾಣಿಸುತ್ತದೆ. ಆಕೆ ಹಾಲಿನ ಒಂದೇ ಅಗಲವನ್ನು ನಾಲ್ಕು ಕಡೆ ಅಳೆದಳು. ನಾಲ್ಕು ಲೆಕ್ಕ ಬಂತು. ಯಂತ್ರ ಕೆಟ್ಟಿದೆಯೆಂದು ಬ್ಯಾಟರಿ ಬದಲಿಸಿ ಮತ್ತೆ ಅಳೆದಳು.

"ಸರ್, ಈ ಹಾಲು ಚೌಕ ಇಲ್ಲ."

ನಮ್ಮ ದಫೇದಾರರು ಪಕ್ಕದಲ್ಲೇ ಇದ್ದರು. "ಇಲ್ಲಿ ಕೂತಿರೋ ನಾವೂ ಚೌಕ ಇಲ್ಲ ಕಣಮ್ಮ. ಹಂಗೇ ನಡ್ಕಂಡ್ ಹೋಗ್ತಿದೆ" ಅಂದರು.

ಹಾಗೆ ನೋಡಿದರೆ ಆ ಕಟ್ಟಡ ಅದಕ್ಕೆ ಮೊದಲೂ ಮೂರು ಸಲ ಒಳಗಿಂದ ಬದಲಾಗಿತ್ತು. ಮೂರು ಸಲವೂ ಡಿಸೈನರು ಯಾರೆಂದರೆ ಕಬ್ಬಿಣದ ಬೀರು. ನಮ್ಮ ಸರ್ಕಾರಿ ಕಚೇರಿಗಳಲ್ಲಿ ಗೋಡೆ ಕಟ್ಟಬೇಕಾದರೆ ಮಂಜೂರಾತಿ ಬೇಕು, ಬೀರು ಸರಿಸಲು ಇಬ್ಬರು ಜವಾನರು ಸಾಕು. ಲೆಕ್ಕಪತ್ರ ವಿಭಾಗಕ್ಕೂ ಸಿಬ್ಬಂದಿ ವಿಭಾಗಕ್ಕೂ ಮನಸ್ತಾಪ ಬಂದ ವರ್ಷ ಎರಡರ ನಡುವೆ ನಾಲ್ಕು ಬೀರುಗಳು ಸಾಲಾಗಿ ನಿಂತವು. ಬೀರುವಿನ ಮುಖ ಯಾವ ಕಡೆಗೋ ಅದು ಆ ವಿಭಾಗದ ಆಸ್ತಿ, ಬೆನ್ನು ಬಿದ್ದ ಕಡೆಯವರಿಗೆ ದೇವರ ಕ್ಯಾಲೆಂಡರ್ ಅಂಟಿಸುವ ಹಕ್ಕು. ಎರಡನೆಯ ಮತ್ತು ಮೂರನೆಯ ಬೀರುವಿನ ನಡುವೆ ಒಂದು ಗೇಣು ಸಂದಿ. ಆ ಸಂದಿಯಲ್ಲಿ ಟೀ ಲೋಟ, ಸಾಲದ ಇನ್ನೂರು ರೂಪಾಯಿ, ಮದುವೆಯ ಕರೆಯೋಲೆ ಎಲ್ಲ ಧಾರಾಳವಾಗಿ ಓಡಾಡುತ್ತಿದ್ದವು. ಕಡತ ಮಾತ್ರ ಸುತ್ತುಹಾಕಿಕೊಂಡು, ಟಪಾಲು ಪುಸ್ತಕದಲ್ಲಿ ಸಹಿ ಹಾಕಿಸಿಕೊಂಡೇ ಹೋಗಬೇಕು.

ಇಂಥ ಕಡೆ ಯಾರು ಎಲ್ಲಿ ಕೂರಬೇಕು ಎಂಬುದು ಹುದ್ದೆಯಿಂದ ತೀರ್ಮಾನವಾಗುತ್ತದೆಂದು ಹೊರಗಿನವರು ತಿಳಿದುಕೊಂಡಿರುತ್ತಾರೆ. ತೀರ್ಮಾನ ಮಾಡುವುದು ಕಟ್ಟಡ. ಪೂರ್ವದ ಕಿಟಕಿ ಮಳೆಗಾಲದಲ್ಲಿ ಎರಚಲು ಹೊಡೆಯುತ್ತದೆ, ಆದ್ದರಿಂದ ಅಲ್ಲಿ ಹೊಸಬರು. ಉತ್ತರದ ಕಿಟಕಿಯಲ್ಲಿ ಹಲಸಿನ ಮರದ ನೆರಳು, ಅಲ್ಲಿಗೆ ತಲುಪಲು ಹದಿನೈದು ವರ್ಷ ಸರ್ವಿಸ್ ಬೇಕು. ಸಾಹೇಬರ ಬಾಗಿಲಿನಿಂದ ನೇರ ನೋಟ ಬೀಳುವ ಕುರ್ಚಿಗೆ ನಾವು ಅಂಡಮಾನ್ ಎನ್ನುತ್ತಿದ್ದೆವು. ಎಲ್ಲಕ್ಕಿಂತ ದೊಡ್ಡ ಸ್ಥಾನ ಪಡುವಣ ವರಾಂಡದಲ್ಲಿ ನಮ್ಮ ಶಿರಸ್ತೇದಾರರದು. ಅವರ ಮೇಜಿನ ಮೇಲಿನ ಮಾಡಿನಲ್ಲಿ ಒಂದು ಗಾಜಿನ ಹೆಂಚಿತ್ತು. ಅದರಿಂದಿಳಿದ ಬಿಸಿಲಿನ ಬಿಲ್ಲೆ ಮಧ್ಯಾಹ್ನ ಅವರ ಮೇಜಿನ ಮೇಲೆ ನಿಧಾನವಾಗಿ ಪೂರ್ವಕ್ಕೆ ತೆವಳುತ್ತಿತ್ತು. ಮೇಜಿನ ಮರದ ಮೇಲೆ ಅವರು ಪೆನ್ನುಕತ್ತಿಯಲ್ಲಿ ಒಂದು ಗೆರೆ ಕೊರೆದಿದ್ದರು. ಬಿಲ್ಲೆ ಗೆರೆ ಮುಟ್ಟಿತೆಂದರೆ ಒಂದೂವರೆ, ಊಟದ ಹೊತ್ತು. ಉತ್ತರಾಯಣಕ್ಕೂ ದಕ್ಷಿಣಾಯನಕ್ಕೂ ಬಿಲ್ಲೆ ಆಚೀಚೆ ಸರಿಯುತ್ತದೆಂದು ಗೆರೆಯನ್ನು ಮೊಳದುದ್ದ ಎಳೆದಿದ್ದರು, ಅದೂ ಸ್ವಲ್ಪ ಓರೆಯಾಗಿ. ಹಾಲಿನಲ್ಲಿದ್ದ ಗಡಿಯಾರ ಐದು ನಿಮಿಷ ಹಿಂದೆ ಬಿದ್ದರೆ ಅವರು ಗಡಿಯಾರದ ಮುಳ್ಳು ಸರಿಪಡಿಸುತ್ತಿದ್ದರೇ ಹೊರತು ಗೆರೆಯನ್ನಲ್ಲ. ಮೋಡದ ದಿನ ಮಾತ್ರ ಕಷ್ಟ. ಆಗ ಹಸಿವಿನ ಮೇಲೆ ಭರವಸೆ ಇಡಬೇಕಾಗುತ್ತಿತ್ತು. ಅದು ಹನ್ನೆರಡೂವರೆಗೇ ಬರುತ್ತಿತ್ತು.

ಆಸನ ವ್ಯವಸ್ಥೆಯ ತಕರಾರು ನಮ್ಮ ಕಾಲದ್ದೆಂದು ನಾನು ತಿಳಿದಿದ್ದೆ. ಆಮೇಲೆ ಅರ್ಥಶಾಸ್ತ್ರ ಓದಿದೆ. ನೂರಾರು ವರ್ಷ ಕಾಣೆಯಾಗಿದ್ದ ಆ ಗ್ರಂಥದ ತಾಳೆಗರಿ 1905ರಲ್ಲಿ ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳ ಕಣ್ಣಿಗೆ ಬಿತ್ತು, 1909ರಲ್ಲಿ ಅಚ್ಚಾಯಿತು. ನಮ್ಮವರೇ ಹುಡುಕಿಕೊಟ್ಟದ್ದೆಂಬ ಅಭಿಮಾನದಿಂದ ಕೈಗೆತ್ತಿಕೊಂಡವನಿಗೆ ಎರಡನೆಯ ಅಧಿಕರಣದಲ್ಲಿ ಅಕ್ಷಪಟಲ ಎಂಬ ಲೆಕ್ಕಪತ್ರ ಕಚೇರಿಯ ವಿವರ ಸಿಕ್ಕಿತು. ಕಟ್ಟಡ ಪೂರ್ವಕ್ಕೋ ಉತ್ತರಕ್ಕೋ ಮುಖ ಮಾಡಿರಬೇಕು, ಕೂರುವ ಜಾಗಗಳು ಬೇರೆಬೇರೆಯಾಗಿ ವಿಂಗಡಣೆಯಾಗಿರಬೇಕು, ಲೆಕ್ಕದ ಪುಸ್ತಕ ಇಡಲು ತಾವು ಇರಬೇಕು. ಇಷ್ಟೇ. ದಿಕ್ಕು, ಪಾರ್ಟಿಷನ್, ಬೀರು! ಕೌಟಿಲ್ಯ ಒಂದು ವಾಕ್ಯದಲ್ಲಿ ಮುಗಿಸಿದ್ದನ್ನು ನಮ್ಮ ಡಿಸೈನರು ಅರವತ್ತು ಪುಟದ ಬಣ್ಣದ ಪುಸ್ತಕ ಮಾಡಿ ತಂದಿದ್ದಳು. ಅದೇ ಅಧ್ಯಾಯದಲ್ಲಿ ಲೆಕ್ಕ ತಡವಾಗಿ ಒಪ್ಪಿಸುವವರಿಗೆ ದಂಡವನ್ನೂ ಹೇಳಿದೆ. ಆ ಭಾಗವನ್ನು ನಾನು ಕಚೇರಿಯಲ್ಲಿ ಯಾರಿಗೂ ಓದಿ ಹೇಳಲಿಲ್ಲ.

ದಿಕ್ಕಿನ ಮಾತಂತೂ ಇವತ್ತಿಗೂ ಸತ್ತಿಲ್ಲ. 1956ರಲ್ಲಿ ಮುಗಿದ ವಿಧಾನಸೌಧದ ನೆತ್ತಿಯ ಮೇಲೆ ಸರ್ಕಾರದ ಕೆಲಸ ದೇವರ ಕೆಲಸ ಎಂದು ಬರೆಸಿದವರು ಕೆಂಗಲ್ ಹನುಮಂತಯ್ಯನವರು. ದೇವರ ಕೆಲಸವೆಂದ ಮೇಲೆ ವಾಸ್ತು ಹಿಂದೆಯೇ ಬರಲೇಬೇಕಲ್ಲ. ಅಲ್ಲಿ ಮುಖ್ಯಮಂತ್ರಿಗಳ ಕೊಠಡಿಯ ದಕ್ಷಿಣದ ಬಾಗಿಲು ವಾಸ್ತುವಿನ ಕಾರಣಕ್ಕೆ ಮುಚ್ಚಿತ್ತು. 2023ರಲ್ಲಿ ಸಿದ್ದರಾಮಯ್ಯನವರು ಅದನ್ನು ತೆರೆಸಿ ಅದರಿಂದಲೇ ಒಳಗೆ ಹೋದರು. ಬಾಗಿಲು ತೆರೆದದ್ದೇ ಪತ್ರಿಕೆಗಳಿಗೆ ಸುದ್ದಿಯಾಯಿತು. ನಮ್ಮ ಕಚೇರಿಯಲ್ಲೂ ನೈಋತ್ಯಕ್ಕೆ ಒಂದು ಬಾಗಿಲು ಮುಚ್ಚಿತ್ತು. ಅದು ವಾಸ್ತುವಿಗಲ್ಲ, ಅದರ ಬೀಗದ ಕೈ 1987ರಲ್ಲಿ ವರ್ಗವಾಗಿ ಹೋದ ಒಬ್ಬರ ಜೇಬಿನಲ್ಲಿತ್ತು.

ಕಟ್ಟಿದ್ದು ಒಂದಕ್ಕೆ, ಕೂತದ್ದು ಇನ್ನೊಂದು ಎಂಬುದೂ ಹಳೆಯ ಸಂಪ್ರದಾಯವೇ. ಬೆಂಗಳೂರಿನ ಕೋಟೆಯ ಹತ್ತಿರ ಟಿಪ್ಪುವಿನ ಬೇಸಿಗೆ ಅರಮನೆ ಇದೆ. ಹೈದರಾಲಿ 1781ರಲ್ಲಿ ಶುರುಮಾಡಿಸಿದ್ದನ್ನು ಟಿಪ್ಪು 1791ರಲ್ಲಿ ಮುಗಿಸಿದ. ತೇಗದ ಕಂಬ, ಕಮಾನು, ಗೋಡೆಗೆ ಹೂಬಳ್ಳಿ. ಸ್ವರ್ಗವೇ ಅಸೂಯೆಪಡಬೇಕು ಎಂಬರ್ಥದ ಬರಹವೂ ಉಂಟು. ಟಿಪ್ಪು ಮಡಿದ ಮೇಲೆ ಬ್ರಿಟಿಷರು ಆ ಸ್ವರ್ಗದೊಳಗೆ ಸೆಕ್ರೆಟರಿಯೇಟ್ ತಂದು ಕೂರಿಸಿದರು. ಅಂಥ ಕಂಬಗಳ ನಡುವೆ ಗುಮಾಸ್ತರು ರುಮಾಲು ಬಿಚ್ಚಿ ಕಟ್ಟುತ್ತ ಕೂತ ದೃಶ್ಯ ನನ್ನ ಕಣ್ಣಿಗೆ ಕಟ್ಟುತ್ತದೆ. ರುಮಾಲು ಎಂದರೆ ತಲೆಗೆ ಸುತ್ತುವುದಲ್ಲ, ಹಳೆಯ ದಾಖಲೆಗಳನ್ನು ಬಟ್ಟೆಯಲ್ಲಿ ಕಟ್ಟಿಟ್ಟ ಗಂಟು. ರೆಕಾರ್ಡ್ ರೂಮಿನಲ್ಲಿ ಒಂದು ರುಮಾಲು ಕೊಡವಿದವನಿಗೆ ಮೂರು ದಿನ ಸೀನು ನಿಲ್ಲುವುದಿಲ್ಲ.

ಆ ಸೆಕ್ರೆಟರಿಯೇಟ್ ಅರಮನೆ ಬಿಟ್ಟದ್ದು 1868ರಲ್ಲಿ, ಕಬ್ಬನ್ ಪಾರ್ಕಿನ ಅಂಚಿಗೆ ಕೆಂಪು ಬಣ್ಣದ ಹೊಸ ಕಟ್ಟಡ ಎದ್ದ ಮೇಲೆ. ಹದಿನೆಂಟು ಇಲಾಖೆಗಳನ್ನು ಒಂದೇ ಸೂರಿನಡಿ ತಂದದ್ದಕ್ಕೆ ಅದು ಅಠಾರಾ ಕಚೇರಿಯಾಯಿತು. ಹೆಸರೇ ಇಲಾಖೆಗಳ ಲೆಕ್ಕ. ಇಟಲಿಯ ಫ್ಲಾರೆನ್ಸಿನಲ್ಲೂ ಹೀಗೇ ಆಗಿದೆ. ಜಗತ್ತೆಲ್ಲ ಚಿತ್ರ ನೋಡಲು ಸಾಲುಗಟ್ಟುವ ಉಫೀತ್ಸಿ 1560ರಲ್ಲಿ ವಸಾರಿ ಎಂಬ ಕಲಾವಿದ ಅಲ್ಲಿನ ದೊರೆಗಾಗಿ ಕಟ್ಟಲು ಹಿಡಿದ ಸರ್ಕಾರಿ ಕಚೇರಿ. ಉಫೀತ್ಸಿ ಎಂದರೆ ಕಚೇರಿಗಳು, ಅಷ್ಟೇ. ಗುಮಾಸ್ತರು ಎದ್ದುಹೋಗಿ ಬೊಟ್ಟಿಚೆಲ್ಲಿಯ ಚಿತ್ರ ಬಂತು. ನಮ್ಮ ಅಠಾರಾ ಕಚೇರಿಗೆ, ಎದುರಿನಲ್ಲಿ ವಿಧಾನಸೌಧ ಎದ್ದು ಇಲಾಖೆಗಳೆಲ್ಲ ರಸ್ತೆ ದಾಟಿದ ಮೇಲೆ, ಹೈಕೋರ್ಟು ಪೂರ್ತಿಯಾಗಿ ಬಂತು. 1980ರ ದಶಕದಲ್ಲಿ ಅದನ್ನು ಕೆಡವಿ ಹೊಸದು ಕಟ್ಟುವ ಯೋಚನೆ ಸರ್ಕಾರಕ್ಕೆ ಬಂದಾಗ ನಾಗರಿಕರು ಕೋರ್ಟಿಗೆ ಹೋದರು. ಕೋರ್ಟು ಇದ್ದದ್ದೂ ಅದೇ ಕಟ್ಟಡದಲ್ಲಿ. ತನ್ನ ಮೇಲಿನ ಮೊಕದ್ದಮೆಯನ್ನು ತನ್ನದೇ ಹೊಟ್ಟೆಯೊಳಗೆ ಕೇಳಿಸಿಕೊಂಡು ಬದುಕಿಕೊಂಡ ಕಟ್ಟಡ ಅದೊಂದೇ ಇರಬೇಕು.

ತಾತ್ಕಾಲಿಕವಾಗಿ ಖಾಲಿ ಮಾಡುವುದು ಇನ್ನೂ ಅಪಾಯ. ಕೊಲ್ಕತ್ತದಲ್ಲಿ ರೈಟರ್ಸ್ ಬಿಲ್ಡಿಂಗ್ ಇದೆ, 1777ರದು. ರೈಟರ್ಸ್ ಎಂದರೆ ಸಾಹಿತಿಗಳೆಂದು ಹಿಗ್ಗಬೇಡಿ, ಈಸ್ಟ್ ಇಂಡಿಯಾ ಕಂಪನಿಯ ಗುಮಾಸ್ತರು. ದುರಸ್ತಿಗೆಂದು 2013ರ ಅಕ್ಟೋಬರಿನಲ್ಲಿ ಬಂಗಾಳದ ಸೆಕ್ರೆಟರಿಯೇಟ್ ಅಲ್ಲಿಂದ ಹೂಗ್ಲಿ ನದಿಯಾಚೆ ಹೌರಾಕ್ಕೆ ಹೋಯಿತು. ಹತ್ತು ವರ್ಷವಾದರೂ ಮರಳಲಿಲ್ಲ. ನಾನು ಇದನ್ನು ಒಮ್ಮೆ ಸಿಬ್ಬಂದಿ ಸಭೆಯಲ್ಲಿ ಹೇಳಿ ಎಲ್ಲರನ್ನೂ ಹೆದರಿಸಿಬಿಟ್ಟೆ. ಹಾಗಾಗಿ ಖಾಲಿ ಮಾಡುವುದೇ ಬೇಡ, ಕೂತಿದ್ದ ಹಾಗೇ ಕೆಲಸ ನಡೆಯಲಿ ಎಂದು ಠರಾವಾಯಿತು. ಆರು ತಿಂಗಳು ನಾವು ಧೂಳಿನಲ್ಲಿ ಕೂತೆವು. ಸಾರ್ವಜನಿಕರು ಬಂದು ಕೆಮ್ಮಿ ಹೋಗುತ್ತಿದ್ದರು. ತಪ್ಪು ನನ್ನದೇ ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಹೊಸ ನಕ್ಷೆಯಲ್ಲಿ ನಲವತ್ತೆರಡು ಗೂಡುಗಳಿದ್ದವು. ಕ್ಯುಬಿಕಲ್ ಎಂದರು. ಈ ಗೂಡಿನ ಕಥೆ ನೋಡಿ: ಅಮೆರಿಕದಲ್ಲಿ ಹರ್ಮನ್ ಮಿಲ್ಲರ್ ಎಂಬ ಪೀಠೋಪಕರಣದ ಕಂಪನಿಗೆ ರಾಬರ್ಟ್ ಪ್ರಾಪ್ಸ್ಟ್ ಎಂಬವರು ಆ್ಯಕ್ಷನ್ ಆಫೀಸ್ ಎಂಬ ವ್ಯವಸ್ಥೆ ಮಾಡಿಕೊಟ್ಟರು. ಸರಿಸಬಹುದಾದ ತಟ್ಟಿಗೋಡೆಗಳ ಅದರ ಎರಡನೆಯ ರೂಪ ಮಾರುಕಟ್ಟೆಗೆ ಬಂದದ್ದು 1968ರಲ್ಲಿ, ಅಠಾರಾ ಕಚೇರಿ ಮುಗಿದು ಸರಿಯಾಗಿ ನೂರು ವರ್ಷಕ್ಕೆ. ಗುಮಾಸ್ತ ಎದ್ದು ಓಡಾಡಲಿ, ಬೇಕಾದಾಗ ನಿಂತು ಬರೆಯಲಿ, ತನ್ನ ಜಾಗವನ್ನು ತಾನೇ ರೂಪಿಸಿಕೊಳ್ಳಲಿ ಎಂಬುದು ಪಾಪ ಅವರ ಆಸೆ. ಕಂಪನಿಗಳು ಆ ತಟ್ಟಿಗಳನ್ನೇ ಒತ್ತೊತ್ತಾಗಿ ನಿಲ್ಲಿಸಿ, ಇಬ್ಬರು ಕೂರುವ ಜಾಗದಲ್ಲಿ ನಾಲ್ವರನ್ನು ತುಂಬಿದವು. ಪ್ರಾಪ್ಸ್ಟ್ ಮುದುಕರಾದ ಮೇಲೆ ಇದನ್ನು ಕಂಡು ಬಹಳ ನೊಂದುಕೊಂಡರು. ಅವರಿಗೆ ನಮ್ಮ ಬೀರುವಿನ ಸಂದಿಯ ವಿಷಯ ಯಾರಾದರೂ ಹೇಳಬೇಕಿತ್ತು.

ಗೂಡು ಇಡುವ ಮೊದಲು ಗೋಡೆ ರಿಪೇರಿ. ಅದಕ್ಕೆ ಹತ್ತು ವರ್ಷದ ಹಿಂದೆ ಯಾರೋ ಸಿಮೆಂಟು ಬಳಿದು ಮೇಲೆ ಹೊಳೆಯುವ ಪೇಂಟು ಹೊಡೆಸಿದ್ದರು. ಹಳೆಯ ಸುಣ್ಣದ ಗಾರೆಯ ಗೋಡೆ ನೆಲದ ತೇವವನ್ನು ಹೀರಿ ಗಾಳಿಗೆ ಬಿಡುತ್ತದೆ. ಅದರ ಮೈಗೆ ಸಿಮೆಂಟು ಮೆತ್ತಿದರೆ ಮಳೆಗಾಲದಲ್ಲಿ ರೈನ್‌ಕೋಟು ಹಾಕಿಕೊಂಡು ಬೆವರಿದ ಹಾಗೆ. ತೇವ ಒಳಗೇ ನಿಂತು ಪೇಂಟು ಹಪ್ಪಳದಂತೆ ಉಬ್ಬಿತ್ತು. ಕೆಲಸವಿಲ್ಲದ ಹೊತ್ತಿನಲ್ಲಿ ಆ ಹಪ್ಪಳ ಒಡೆಯುವುದು ನಮಗೆಲ್ಲ ಒಂದು ಚಟವಾಗಿತ್ತು. ಡಿಸೈನರು ಹುಡುಗಿಗೆ ಈ ವಿಷಯ ಚೆನ್ನಾಗಿ ಗೊತ್ತಿತ್ತು. ಆಕೆ ಸಿಮೆಂಟು ಕೆತ್ತಿಸಿ ಸುಣ್ಣದ ಗಾರೆಯೇ ಆಗಬೇಕೆಂದು ಹಟ ಹಿಡಿದಳು. ಸುಣ್ಣ ನೆನೆಹಾಕಬೇಕು, ಮರಳಿನ ಜೊತೆ ಅರೆಯಬೇಕು, ಬೆಲ್ಲ ಮತ್ತು ಅಳಲೆಕಾಯಿಯ ನೀರು ಬೆರೆಸಬೇಕು. ಎಂಜಿನಿಯರು ದರಪಟ್ಟಿ ತಿರುವಿಹಾಕಿದರು. ಸಿಮೆಂಟಿಗೆ ದರವಿತ್ತು, ಜಲ್ಲಿಗೆ ದರವಿತ್ತು, ಬೆಲ್ಲಕ್ಕೆ ಇರಲಿಲ್ಲ. ಹೇಗೋ ತರಿಸಿದ್ದಾಯಿತು. ಬಿಲ್ಲು ಲೆಕ್ಕಪತ್ರ ವಿಭಾಗಕ್ಕೆ ಹೋದಾಗ ಅಲ್ಲಿಂದ ಒಂದು ಟಿಪ್ಪಣಿ ಬಂತು: ಬೆಲ್ಲ ನಲವತ್ತು ಕಿಲೋ, ಇದು ಯಾವ ಸಭೆಯ ಉಪಾಹಾರ, ಹಾಜರಿದ್ದವರ ಪಟ್ಟಿ ಲಗತ್ತಿಸಿ.

ನಾನು ಉತ್ತರ ಬರೆದೆ: ಸದರಿ ಬೆಲ್ಲವನ್ನು ಗೋಡೆಯು ಸೇವಿಸಿರುತ್ತದೆ. ನನ್ನ ಸರ್ವಿಸಿನಲ್ಲಿ ನಾನು ಬರೆದ ಅತ್ಯುತ್ತಮ ವಾಕ್ಯ ಅದೇ. ಅದು ಇಂದಿಗೂ ಯಾವುದೋ ಕಡತದಲ್ಲಿ ಭದ್ರವಾಗಿರುತ್ತದೆ.

ಈಗ ಡ್ರಿಲ್ಲಿನ ಹುಡುಗನ ಹತ್ತಿರ ವಾಪಸು ಬರೋಣ. ಪ್ರತಿ ಗೂಡಿಗೂ ಇಂಟರ್ನೆಟ್ ತಂತಿ ಬೇಕು. ಗೋಡೆಯ ದಪ್ಪಕ್ಕೆ ವೈಫೈ ಆಚೆ ಕೋಣೆ ಮುಟ್ಟುತ್ತಿರಲಿಲ್ಲ, ಬಾಗಿಲ ಹತ್ತಿರ ಮೊಬೈಲು ಎತ್ತಿ ಹಿಡಿದರೆ ಒಂದು ಕಡ್ಡಿ ಸಿಗುತ್ತಿತ್ತು. ತೂತು ಕೊರೆಯದೆ ದಾರಿಯಿಲ್ಲ. ಮೂರು ಬಿಟ್ ಮುರಿದ ಹುಡುಗ ಏಣಿಯ ಮೇಲೆ ತಲೆಯ ಮೇಲೆ ಕೈಹೊತ್ತು ಕೂತಿದ್ದ. ಹಾಲಿನ ತೊಲೆಗಳಲ್ಲಿ ಸಾಲಾಗಿ ಕಬ್ಬಿಣದ ಕೊಕ್ಕೆಗಳಿದ್ದವು. ಹುಡುಗಿ ಅದನ್ನು ತೋರಿಸಿ ಕೇಳಿದಳು: "ಇವು ಯಾವುದಕ್ಕೆ ಸರ್?" ಉಯ್ಯಾಲೆಗೆ ಇರಬಹುದು ಎಂದೆ ನಾನು. ಧಾನ್ಯ ತೂಗಲು ಎಂದರು ಇನ್ನೊಬ್ಬರು. ದಫೇದಾರರು ನಕ್ಕರು.

"ಪಂಕಾ ಕಟ್ತಿದ್ರು ಮೇಡಂ. ದೊರೆ ತಲೆ ಮೇಲೆ ಬಟ್ಟೆ ಪಂಕಾ. ನಮ್ಮ ತಾತ ಅದನ್ನ ಎಳಿಯೋರು."

"ಎಲ್ಲಿ ನಿಂತು?"

"ನಿಂತೇನು, ಹೊರಗೆ ವರಾಂಡದಲ್ಲಿ ಕೂತು. ಮಲ್ಕಂಡು ಕಾಲಿಗೆ ಹಗ್ಗ ಕಟ್ಕಂಡೂ ಎಳೀತಿದ್ರಂತೆ. ಒಳಗೆ ಗಾಳಿ, ಹೊರಗೆ ನಿದ್ದೆ."

ಆಕೆ ಒಂದು ಕ್ಷಣ ಸುಮ್ಮನಾದಳು. "ಹಾಗಾದ್ರೆ ಹಗ್ಗ ಗೋಡೆ ದಾಟಿ ಹೊರಗೆ ಹೇಗೆ ಬರ್ತಿತ್ತು?"

ನಾವೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ದಫೇದಾರರು ಏಣಿ ಸರಿಸಿ ತಾವೇ ಹತ್ತಿದರು, ಆ ವಯಸ್ಸಿನಲ್ಲಿ. ಗವಾಕ್ಷಿಯ ಕೆಳಗೆ ಸುಣ್ಣದ ಪದರಗಳನ್ನು ಬೀಗದ ಕೈಯಿಂದ ಕೆರೆದರು. ಒಂದು ಮರದ ಬಿರಟೆ ಕಾಣಿಸಿತು. ಅದನ್ನು ಎಳೆದರೆ ಹಿಂದೆ ಗುಬ್ಬಿಗೂಡಿನ ಹುಲ್ಲು, ಹುಲ್ಲಿನ ಹಿಂದೆ ಮುದ್ದೆಯಾದ ಹಳೆಯ ಕಾಗದ, ಅದರಾಚೆ ವರಾಂಡದ ಬೆಳಕು. ರೂಪಾಯಿ ಬಿಲ್ಲೆಯಷ್ಟು ದುಂಡನೆಯ ತೂತು, ಒಳಮೈ ಹಗ್ಗ ಉಜ್ಜಿ ಉಜ್ಜಿ ಗಾಜಿನಂತೆ ನುಣುಪಾಗಿತ್ತು. ತಂತಿ ಸಲೀಸಾಗಿ ಹೋಯಿತು. ಇಂಥವು ಇನ್ನೂ ಮೂರು ಸಿಕ್ಕವು. ಇವತ್ತು ಆ ಕಚೇರಿಯ ಇಂಟರ್ನೆಟ್ ಬರುವುದು ಪಂಕಾದ ಹಗ್ಗದ ದಾರಿಯಲ್ಲೇ. ಆಗಾಗ ತೂಕಡಿಸುತ್ತದೆ ಎಂದು ಎಲ್ಲರೂ ದೂರುತ್ತಾರೆ. ತಾತನ ಗುಣ ಎಂದು ದಫೇದಾರರು ಸಮರ್ಥಿಸಿಕೊಳ್ಳುತ್ತಾರೆ.

ಫಾಲ್ಸ್ ಸೀಲಿಂಗ್ ಒಂದು ವಿಷಯದಲ್ಲಿ ಮಾತ್ರ ಹುಡುಗಿಯ ಮಾತು ನಡೆಯಲಿಲ್ಲ. ಆಕೆ ಬೇಡವೆಂದೇ ಅಂದಳು. ಎತ್ತರದ ಮಾಡು, ಮೇಲೆ ಗವಾಕ್ಷಿ ಇಟ್ಟಿರುವುದೇ ಬಿಸಿಗಾಳಿ ಏರಿ ಹೊರಗೆ ಹೋಗಲಿ ಎಂದು, ಕೆಳಗೆ ಹಲಗೆ ಬಡಿದರೆ ಸೆಕೆಯಾಗುತ್ತದೆ ಎಂದು ಚಿತ್ರ ಬರೆದು ತೋರಿಸಿದಳು. ಆದರೆ ಎಸಿ ಬಂದ ಮೇಲೆ ಸೀಲಿಂಗ್ ಬೇಕು, ಸೀಲಿಂಗ್ ಬಂದ ಮೇಲೆ ಸೆಕೆಗೆ ಎಸಿ ಬೇಕು. ಎರಡೂ ಒಂದಕ್ಕೊಂದು ಜಾಮೀನು ನಿಂತವು. ವರಾಂಡಕ್ಕೂ ಬಿಳಿಯ ಹಲಗೆ ಬಡಿದರು. ಶಿರಸ್ತೇದಾರರ ಗಾಜಿನ ಹೆಂಚು ಮೇಲೆ ಮುಚ್ಚಿಹೋಯಿತು. ಅವರು ಅಷ್ಟರಲ್ಲಿ ನಿವೃತ್ತರಾಗಿದ್ದರು, ಗೆರೆಯಿದ್ದ ಮೇಜು ಹರಾಜಿನಲ್ಲಿ ಹೋಯಿತು. ಕೊಂಡವರು ಯಾರೆಂದು ಆಮೇಲೆ ತಿಳಿಯಿತು: ಅವರೇ, ಮಗನ ಹೆಸರಿನಲ್ಲಿ. ಮನೆಯಲ್ಲಿ ಆರ್‌ಸಿಸಿ ಮಾಡು, ಬಿಸಿಲಿನ ಬಿಲ್ಲೆ ಬೀಳಲು ಜಾಗವಿಲ್ಲ. ಆದರೂ ಊಟ ಅದರ ಮೇಲೇ ಮಾಡುತ್ತಾರಂತೆ.

ನಲವತ್ತೆರಡು ಗೂಡುಗಳಲ್ಲಿ ಜನ ಸಂಸಾರ ಹೂಡಿದರು. ಎರಡು ತಿಂಗಳಲ್ಲಿ ಅಲ್ಲೊಂದು ತಟ್ಟಿ ಇಲ್ಲೊಂದು ತಟ್ಟಿ ಸಡಿಲವಾಗಿ, ಟೀ ಲೋಟ ದಾಟುವಷ್ಟು ಸಂದಿ ತಾನಾಗಿ ಬಿಟ್ಟುಕೊಂಡಿತು. ಉತ್ತರದ ಕಿಟಕಿಗೆ ಹದಿನೈದು ವರ್ಷದ ಸರ್ವಿಸಿನವರೇ ಬಂದು ಸೇರಿಕೊಂಡರು, ನಕ್ಷೆಯಲ್ಲಿ ಅಲ್ಲಿ ಪ್ರಿಂಟರು ಎಂದಿತ್ತು. ಬಾಗಿಲ ಎದುರಿನ ಗೂಡಿಗೆ ಹೊಸಬರೂ ಅಂಡಮಾನ್ ಎನ್ನುವುದನ್ನು ಕೇಳಿ ನನಗೆ ಕಣ್ಣು ತುಂಬಿತು. ಯಾರು ಹೇಳಿಕೊಟ್ಟರೋ.

ನಾನೂ ನಿವೃತ್ತನಾದೆ. ಹೋದ ಅಕ್ಟೋಬರಿನಲ್ಲಿ ಪಿಂಚಣಿಯ ಒಂದು ಕಾಗದಕ್ಕಾಗಿ ಹೋಗಿದ್ದೆ. ಮಳೆಗಾಲದಲ್ಲಿ ಮಂಗ ಹಾರಿ ಹೆಂಚು ಸರಿದು, ವರಾಂಡ ಸೋರಿ, ಸೀಲಿಂಗಿನ ಹಲಗೆ ನೆನೆದು ಒಂದು ಚೌಕ ಕಳಚಿ ಬಿದ್ದಿತ್ತಂತೆ. ಹೆಂಚು ಸರಿಪಡಿಸಿದ್ದರು, ಚೌಕ ಹಾಗೇ ತೆರೆದಿತ್ತು. ಕೆಳಗಿನ ಗೂಡಿನಲ್ಲಿ ಹೊಸದಾಗಿ ಬಂದ ಎಫ್‌ಡಿಎ ಹುಡುಗಿಯೊಬ್ಬಳು ಕಂಪ್ಯೂಟರಿನಲ್ಲಿ ಮುಳುಗಿದ್ದಳು. ನಾನು ತಲೆಯೆತ್ತಿ ನೋಡಿದೆ. ತೂತಿನಾಚೆ ಕತ್ತಲು, ಕತ್ತಲಿನಾಚೆ ಗಾಜಿನ ಹೆಂಚು.

"ರಿಪೇರಿಗೆ ಬರೆದಿದೀವಿ ಸರ್, ಲೋಕೋಪಯೋಗಿಯವರಿಗೆ" ಎಂದಳು, ನಾನು ತನಿಖೆಗೆ ಬಂದವನೆಂದುಕೊಂಡು. "ಎರಡು ಸಲ ಬರೆದಾಯ್ತು. ಉತ್ತರವೇ ಇಲ್ಲ."

ದಫೇದಾರರು ನನ್ನನ್ನು ಪಕ್ಕಕ್ಕೆ ಕರೆದು ದನಿ ತಗ್ಗಿಸಿದರು. "ಟಪಾಲು ತಗೊಂಡು ಹೋಗೋನು ನಾನೇ ಅಲ್ವಾ ಸಾರ್."

ನಾವು ಮಾತಾಡುತ್ತಿದ್ದಂತೆ ಬಿಸಿಲಿನ ಬಿಲ್ಲೆ ಆಕೆಯ ಕೀಬೋರ್ಡು ದಾಟಿ ಮೇಜಿನ ಅಂಚಿನತ್ತ ಸರಿಯಿತು. ಅಲ್ಲಿ ಬಿಳಿಯ ಸನ್‌ಮೈಕಾದ ಮೇಲೆ ನೀಲಿ ಬಾಲ್‌ಪೆನ್ನಿನಲ್ಲಿ ಎಳೆದ ಒಂದು ಗೆರೆ ಇತ್ತು. ಹುಡುಗಿ ಗಡಿಯಾರ ನೋಡದೆ ಡಬ್ಬಿ ಬಿಚ್ಚಿದಳು.